ಬೀಸುಕಲ್ಲಿನ ಇಂಗ್ಲಿಷ್

ಮಧುಗಿರಿಯ ನಮ್ಮ ಮನೆಯಲ್ಲಿ ಇಂಗ್ಲಿಷ್ ಹೇಳದೆ ತಟ್ಟೆಗೆ ಮುದ್ದೆ ಬೀಳುತ್ತಿರಲಿಲ್ಲ. ನಮ್ಮಪ್ಪ ಊರಿನ ಮಿಡ್ಲ್ ಸ್ಕೂಲಿಗೆ ಹೆಡ್ಮೇಷ್ಟ್ರು, ಇಂಗ್ಲಿಷ್ ಪಾಠವೂ ಅವನದೇ. ಎದುರಿಗಿದ್ದಾಗ ಅವನಿಗೆ ಬಹುವಚನ ಹಚ್ಚಿ ಮಾತಾಡಿದ್ದೇನೆ, ಜನರ ಮುಂದೆಯೂ ಹಾಗೇ. ಬರೆಯುವಾಗ ಮನಸ್ಸು ಒಪ್ಪುವುದಿಲ್ಲ. ಓದುವವರು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಧರಿಸಿ, ಅವನು ನಡುಮನೆಯ ಕಂಬಕ್ಕೆ ಒರಗಿ ಮಣೆಯ ಮೇಲೆ ಕೂರುತ್ತಿದ್ದ. ಎದುರಿಗೆ ಅಣ್ಣ ಸಿದ್ದಲಿಂಗ, ಅವನ ಪಕ್ಕದಲ್ಲಿ ತಂಗಿ ನಾನು. ಅವ್ವ ಬಿಸಿ ಮುದ್ದೆಯನ್ನು ಅಂಗೈಯಲ್ಲಿ ಹೊರಳಿಸುತ್ತಾ ನಿಂತಿರಬೇಕು. ಅಪ್ಪ ಒಂದು ಕ್ರಿಯಾಪದ ಎಸೆಯುತ್ತಿದ್ದ, ನಾವು ಅದರ ಮೂರು ರೂಪ ಹೇಳಬೇಕು. ಗೋ, ವೆಂಟ್, ಗಾನ್. ಈಟ್, ಏಟ್, ಈಟನ್. ಸರಿಯಾಗಿದ್ದರೆ ಅಪ್ಪ ಅವ್ವನ ಕಡೆ ಗದ್ದ ಎತ್ತುತ್ತಿದ್ದ, ಮುದ್ದೆ ಬೀಳುತ್ತಿತ್ತು. ತಪ್ಪಾದರೆ ಗದ್ದ ಏಳುತ್ತಿರಲಿಲ್ಲ. ಅಣ್ಣನ ಪಾಲಿನ ಮುದ್ದೆ ಆರಿ ಮೇಲೆ ಚಕ್ಕೆಗಟ್ಟುವುದನ್ನು ನಾನು ಎಷ್ಟು ದಿನ ನೋಡಿದ್ದೇನೋ ಲೆಕ್ಕವಿಲ್ಲ. ಹುರುಳಿ ಬಸ್ಸಾರನ್ನು ನಾನು ಇವತ್ತಿಗೂ ಬಡಿಸಿಕೊಳ್ಳುವುದಿಲ್ಲ.

ನಮ್ಮ ಮನೆ ಬೆಟ್ಟದ ಬುಡಕ್ಕಿತ್ತು. ಬೇಸಿಗೆಯಲ್ಲಿ ಆ ಬಂಡೆ ಹಗಲೆಲ್ಲ ಕಾದು, ಹೊತ್ತು ಇಳಿದ ಮೇಲೆ ಶೆಕೆಯನ್ನೆಲ್ಲ ನಮ್ಮ ಮನೆಯೊಳಕ್ಕೆ ಬಿಡುತ್ತಿತ್ತು. ಆ ಶೆಕೆಯಲ್ಲಿ ಸಂಜೆಯ ಪಾಠ. ಅಪ್ಪ ವ್ಯಾಕರಣದ ಪುಸ್ತಕ ಬಿಚ್ಚುತ್ತಿರಲಿಲ್ಲ, ಅದಷ್ಟೂ ಅವನಿಗೆ ಬಾಯಿಪಾಠ. ಆದರೆ ಅವನು ಇಂಗ್ಲಿಷಿನಲ್ಲಿ ನಮ್ಮ ಹತ್ತಿರ ಒಂದು ಮಾತು ಆಡಿದ್ದನ್ನು ನಾನು ಕಾಣೆ. ಕೇಳುತ್ತಿದ್ದದ್ದೆಲ್ಲ ಪ್ರಶ್ನೆ. ಇಂಗ್ಲಿಷಿನಲ್ಲಿ ಯಾರಾದರೂ ನಗುತ್ತಾರೆ, ಜಗಳ ಆಡುತ್ತಾರೆ, ನೀರು ಕೇಳುತ್ತಾರೆ ಎಂಬುದು ನಮಗೆ ಗೊತ್ತೇ ಇರಲಿಲ್ಲ. ಅಣ್ಣ ಬರಬರುತ್ತಾ ಬಾಯಿ ಬಿಡುವುದನ್ನೇ ಬಿಟ್ಟ. ಕನ್ನಡದಲ್ಲಿ ಕೇಳಿದರೂ ತಲೆ ಆಡಿಸುತ್ತಿದ್ದ. ಮರುವರ್ಷ ಅವನು ಲೋವರ್ ಸೆಕೆಂಡರಿ ಪರೀಕ್ಷೆಗೆ ಕೂರಬೇಕಾಗಿತ್ತು. ಹೆಡ್ಮೇಷ್ಟ್ರ ಮಗ ಇಂಗ್ಲಿಷಿನಲ್ಲಿ ಫೇಲಾದರೆ ಊರಲ್ಲಿ ತಲೆ ಎತ್ತುವುದು ಹೇಗೆ ಎಂದು ಅಪ್ಪ ಅವ್ವನ ಮೇಲೆ ಕೂಗಾಡುತ್ತಿದ್ದ, ಅವಳೇ ಹುಡುಗನ ನಾಲಗೆ ಕಿತ್ತಿಟ್ಟಿದ್ದಾಳೇನೋ ಎಂಬಂತೆ.

ಆ ವರ್ಷವೇ ಪಾರ್ವತತ್ತೆ ನಮ್ಮ ಮನೆಗೆ ಬಂದದ್ದು. ಅಪ್ಪನ ಒಬ್ಬಳೇ ತಂಗಿ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಸಂಸಾರ ಮಾಡಿಕೊಂಡಿದ್ದಳು. ಮಾವನ ಕೆಲಸ ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಆಗಿನ ಸಿನಿಮಾಗಳು ಮಾತಾಡುತ್ತಿರಲಿಲ್ಲ. ಜನ ಬಾಯಿ ಆಡಿಸುತ್ತಿದ್ದರು, ಆಮೇಲೆ ಅವರು ಆಡಿದ ಮಾತು ಇಂಗ್ಲಿಷ್ ಅಕ್ಷರದಲ್ಲಿ ಪರದೆಯ ಮೇಲೆ ಬರುತ್ತಿತ್ತು. ಓದು ಬಾರದ ಜನಕ್ಕಾಗಿ ಪರದೆಯ ಪಕ್ಕದಲ್ಲಿ ಒಬ್ಬ ನಿಂತು, ಆ ಬರಹವನ್ನು ಗಟ್ಟಿಯಾಗಿ ಓದಿ, ಕನ್ನಡದಲ್ಲೂ ತಮಿಳಿನಲ್ಲೂ ಅರ್ಥ ಹೇಳಬೇಕು. ಮಾವ ಆ ನಿಂತು ಹೇಳುವವನು. ಪ್ರತಿ ಹೊಸ ಚಿತ್ರದ ಬರಹಗಳನ್ನೂ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡು, ಹಗಲು ಮನೆಯಲ್ಲಿ ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು ಒಪ್ಪಿಸುತ್ತಿದ್ದನಂತೆ. ಅವಳಿಗೆ ಇಂಗ್ಲಿಷ್ ಬಂದದ್ದು ಹಾಗೆ. ಆಮೇಲೆ ಪರದೆಯೇ ಮಾತಾಡುವುದಕ್ಕೆ ಶುರುಮಾಡಿತು, ಮಾವನ ಮಾತು ಯಾರಿಗೂ ಬೇಡವಾಯಿತು. ಕೆಲಸ ಹೋದ ವರ್ಷದಲ್ಲೇ ಜ್ವರ ಬಂದು ತೀರಿಕೊಂಡ. ಸಿನಿಮಾದವನೆಂದು ಅಪ್ಪ ಅವರ ಮದುವೆಗೂ ಹೋಗಿರಲಿಲ್ಲ, ಮಣ್ಣಿಗೂ ಹೋಗಲಿಲ್ಲ. ಅತ್ತೆ ತುಮಕೂರಿನ ಬಸ್ಸಿಳಿದು, ಒಂದು ತಗಡಿನ ಟ್ರಂಕು ಹೊರಿಸಿಕೊಂಡು ಬಂದು ಜಗಲಿಯ ಮೇಲೆ ನಿಂತಾಗ ಅಪ್ಪ ಎದ್ದೇಳಲೂ ಇಲ್ಲ.

“ಇಲ್ಲಿರೋದಾದ್ರೆ ಮರ್ಯಾದೆಯಾಗಿರು. ಆ ಆಟದ ಮನೆ ಸಂಗತಿ ಈ ಹೊಸ್ತಿಲು ದಾಟಿ ಒಳಕ್ಕೆ ಬರಕೂಡದು,” ಅಂದ.

“ಬರಲ್ಲ ಬುಡು ಅಣ್ಣಯ್ಯ,” ಅಂದಳು ಅತ್ತೆ. “ನಾನು ಬರಬೌದಾ?”

ಅವಳಿಗೆ ಹಿತ್ತಲ ಬಾಗಿಲ ಪಕ್ಕದ ಕೋಣೆ ಕೊಟ್ಟರು. ಸೌದೆ, ರಾಗಿ ಚೀಲ, ಬೀಸುಕಲ್ಲು ಇರುತ್ತಿದ್ದ ಕೋಣೆ. ಮನೆಯ ಬೀಸುವ ಕೆಲಸವೆಲ್ಲ ಅವಳ ಪಾಲಿಗೆ ಬಂತು. ಅವಳು ದಿನಾ ಬೆಳಗಿನ ಊಟದ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನಮ್ಮ ಪಾಠ ನೋಡುತ್ತಿದ್ದಳು. ಒಂದು ದಿನ ಅಣ್ಣ ಎರಡು ಹೊತ್ತೂ ಉಪವಾಸ ಬಿದ್ದು ಸಂಜೆ ಆ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ. ನಾನು ಅವನ ಜೊತೆಗಿದ್ದೆ. ಅತ್ತೆ ರಾಗಿ ಬೀಸುತ್ತಿದ್ದವಳು ಕಲ್ಲು ನಿಲ್ಲಿಸದೆ ಕೇಳಿದಳು.

“ಏನ್ಲಾ ಸಿದ್ದ, ಯಾವ ಪದ ನಿನ್ನ ಹೊಟ್ಟೆಗೆ ಕಲ್ಲು ಹಾಕ್ತು ಇವತ್ತು?”

ನಾನೇ ಹೇಳಿದೆ. “ಗೋ ಅತ್ತೆ. ಮೂರೂ ಹೇಳ್ದ. ಆದ್ರೆ ವೆಂಟು ಯಾವಾಗ, ಗಾನು ಯಾವಾಗ ಅಂತ ಅಪ್ಪ ಕೇಳಿದ್ರೆ ಇವನಿಗೆ ಗೊತ್ತಾಗಲಿಲ್ಲ. ನನಗೂ ಗೊತ್ತಿಲ್ಲ.”

“ಅದೇನು ಮಹಾ. ರೈಲು ಹೋಯ್ತು ಅಂದ್ರೆ ವೆಂಟು. ನೀನು ಗಂಟು ಹೊತ್ಕಂಡು ಓಡೋಡಿ ಬಂದ್ರೆ ಸ್ಟೇಷನ್ನಾಗೆ ರೈಲಿಲ್ಲ, ಹೋಗ್ಬುಟ್ಟೈತೆ. ಅದು ಹ್ಯಾಸ್ ಗಾನ್. ಹೋಗ್ಬುಟ್ಟೈತೆ ಅನ್ನೋದ್ರಾಗೆ ಹೊಟ್ಟೆ ಉರಿ ಐತೆ ನೋಡು, ಅಷ್ಟೇ ಕಣ್ಲಾ ವ್ಯತ್ಯಾಸ.”

ಅಣ್ಣ ಗೋಡೆಯಿಂದ ಈ ಕಡೆಗೆ ತಿರುಗಿದ. ನಾವಿಬ್ಬರೂ ಅಲ್ಲಿಯತನಕ ರೈಲು ಕಂಡವರಲ್ಲ. ನಮ್ಮ ಊರಿಗೆ ರೈಲಿರಲಿಲ್ಲ. ಅದು ಹೇಗಿರುತ್ತದೆ ಎಂದು ಕೇಳಿದೆವು. ಅತ್ತೆ ಬೀಸುಕಲ್ಲನ್ನು ಮೊದಲು ನಿಧಾನಕ್ಕೆ, ಆಮೇಲೆ ಬಿರುಸಾಗಿ ತಿರುಗಿಸಿ, ಹೀಗೆ ಬರುತ್ತದೆ ಎಂದು ತೋರಿಸಿದಳು. ಹಾಗೆ ತಿರುಗಿಸುತ್ತಲೇ ಒಂದು ಚಿತ್ರದ ಕಥೆ ಶುರುಮಾಡಿದಳು. ರೈಲ್ವೆ ಗೇಟು ಕಾಯುವವನ ಮಗಳೊಬ್ಬಳು. ಹೊಳೆಯ ಮೇಲಿನ ಸೇತುವೆ ಮುರಿದಿದೆ. ಅದನ್ನು ಕಂಡವಳು ಅವಳೊಬ್ಬಳೇ. ರೈಲು ಬರುವ ಹೊತ್ತು. ಅವಳು ಬಾಯಿ ಬಿಡದ ಹಾಗೆ ಒಬ್ಬ ದುಷ್ಟ ಅವಳನ್ನು ಕೋಣೆಯಲ್ಲಿ ಕೂಡಿಹಾಕುತ್ತಾನೆ. ಕಥೆಯನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದಳು, ಮಾತು ಬಂದಾಗ ಮಾತ್ರ ಕಲ್ಲು ನಿಲ್ಲಿಸಿ, ಪರದೆಯ ಮೇಲೆ ಬಂದ ಹಾಗೆ ಇಂಗ್ಲಿಷಿನಲ್ಲಿ. ಲಾಕ್ ದ ಡೋರ್. ದ ಬ್ರಿಡ್ಜ್ ಈಸ್ ಬ್ರೋಕನ್. ಲೆಟ್ ಮಿ ಗೋ. ಮೂರು ನಾಲ್ಕೇ ಪದದ ಮಾತುಗಳು. ಬಾಗಿಲು ಹಾಕಿದವನು ಯಾರು, ಒದರುತ್ತಿರುವವಳು ಯಾರು ಎಂದು ಗೊತ್ತಿದ್ದ ಮೇಲೆ ಅರ್ಥ ಕೇಳಬೇಕಾಗಿಯೇ ಇರಲಿಲ್ಲ. ಬಾಗಿಲಿಗೆ ಬೀಗ ಬಿದ್ದಲ್ಲಿಗೆ ಕಥೆ ನಿಲ್ಲಿಸಿ, ಇಷ್ಟು ನಿಮ್ಮ ಬಾಯಿಗೆ ಬಂದ ಮೇಲೆ ಮುಂದಿನದು ಅಂದಳು.

ಅವತ್ತಿನಿಂದ ಅಪ್ಪ ಸ್ಕೂಲಿನಿಂದ ಬರುವ ಮುಂಚಿನ ಒಂದು ಗಂಟೆ ನಮ್ಮದಾಯಿತು. ಅತ್ತೆ ಟ್ರಂಕಿನಿಂದ ಮಾವನ ನೋಟ್‌ಬುಕ್ಕು ತೆಗೆದಳು. ಬಲಗಡೆ ಇಂಗ್ಲಿಷ್, ಎಡಗಡೆ ಮಾವನ ಕನ್ನಡ. ಅವಳು ಎಡಗಡೆಯನ್ನು ಕೈಯಿಂದ ಮುಚ್ಚುತ್ತಿದ್ದಳು, ನಾವು ಬಲಗಡೆ ಓದಿ ಕನ್ನಡದಲ್ಲಿ ಹೇಳಬೇಕು. ಮಾವನಿಗಿಂತ ಚೆನ್ನಾಗಿ ಹೇಳಿದರೆ ಅವನದನ್ನು ಹೊಡೆದುಹಾಕಿ ನಮ್ಮದನ್ನು ಬರೆಯುತ್ತಿದ್ದಳು. ಹಿತ್ತಲಲ್ಲಿ ನಾನು ಗೇಟಿನವನ ಮಗಳು, ಅಣ್ಣ ಬಾಗಿಲು ಹಾಕುವ ದುಷ್ಟ. ಮನೆಯಲ್ಲಿ ಮಾತೇ ಆಡದವನು ಹಿತ್ತಲಲ್ಲಿ “ಯು ವಿಲ್ ನೆವರ್ ಲೀವ್ ದಿಸ್ ರೂಮ್” ಎಂದು ಗುಡುಗುತ್ತಿದ್ದ. ಆ ದಿನಗಳಲ್ಲೇ ನನಗೆ ಹೊಳೆದದ್ದು: ಅಪ್ಪನಿಗೆ ಇಂಗ್ಲಿಷ್ ಗೊತ್ತು, ಆದರೆ ಬರುವುದಿಲ್ಲ. ಅದು ಹೊಳೆದ ಮೇಲೆ ಅವನ ಮೇಲಿದ್ದ ಹೆದರಿಕೆ ಕಳೆಯಿತು. ಅದು ಇದ್ದ ಜಾಗಕ್ಕೆ ದ್ವೇಷ ಬಂದು ಕೂತಿತು.

ಸಿಕ್ಕಿಬಿದ್ದದ್ದು ಊಟದ ಹೊತ್ತಿನಲ್ಲೇ. ಅಪ್ಪ ಅಣ್ಣನಿಗೆ ‘ಫರ್ಗಿವ್’ ಎಸೆದ. ಅಣ್ಣ ಮೂರು ರೂಪ ಹೇಳಿದ. ಅಪ್ಪ ವಾಕ್ಯ ಮಾಡು ಅಂದ. ಅಣ್ಣ ತಟ್ಟೆಯಿಂದ ತಲೆ ಎತ್ತಿ, ಅಪ್ಪನ ಮುಖವನ್ನೇ ನೋಡಿಕೊಂಡು, “ಐ ಶಲ್ ನೆವರ್ ಫರ್ಗಿವ್ ಯು” ಅಂದ. ನಾನು ನಿಮ್ಮನ್ನು ಎಂದಿಗೂ ಕ್ಷಮಿಸುವುದಿಲ್ಲ. ವಾಕ್ಯದಲ್ಲಿ ತಪ್ಪು ಹುಡುಕಲು ಅಪ್ಪನಿಗೆ ಆಗಲಿಲ್ಲ. ಅಭ್ಯಾಸಬಲದಿಂದ ಗದ್ದ ಎತ್ತಿದ, ಮುದ್ದೆಯೂ ಬಿತ್ತು. ಆಮೇಲೆ ಅವನಿಗೆ ತಟ್ಟಿತು.

“ಇದನ್ನ ಯಾರು ಹೇಳಿಕೊಟ್ರು ನಿನಗೆ?”

ಅಡುಗೆಮನೆಯ ಬಾಗಿಲಿನಿಂದ ಅತ್ತೆ, “ನಾನೇ ಅಣ್ಣಯ್ಯ” ಅಂದಳು.

“ನೀನು ಯಾರೇ ಕಲಿಸೋಕೆ? ಸಿನಿಮಾ ಗುಡಾರದಲ್ಲಿ ಬೀಡಿ ಸೇದೋರ ಮುಂದೆ ನಿನ್ನ ಗಂಡ ಅರಚಿದ್ದು ಇಂಗ್ಲಿಷಾ? ಇಪ್ಪತ್ತು ವರ್ಷದಿಂದ ಕಲಿಸ್ತಿದೀನಿ ನಾನು.”

“ಕಲಿಸ್ತಿದೀಯ. ಕಲಿತೋರು ಯಾರಾದ್ರೂ ಇದ್ರೆ ಹೇಳು.”

ಅಪ್ಪ ಎಂಜಲು ಕೈಯಲ್ಲೇ ಎದ್ದು ಅವಳ ಕೋಣೆಗೆ ಹೋದ. ಟ್ರಂಕು ಒದ್ದು ಬಿಚ್ಚಿ ನೋಟ್‌ಬುಕ್ಕನ್ನು ತೆಗೆದ. ಬಚ್ಚಲ ಹಂಡೆಯ ಒಲೆಯಲ್ಲಿ ಬೆಳಗಿನ ಕೆಂಡ ಇನ್ನೂ ಇತ್ತು. ಹಾಳೆ ಹಾಳೆಯಾಗಿ ಹರಿದು ಒಲೆಗೆ ಹಾಕಿದ, ಬಗ್ಗಿ ಊದಿದ. ಮಾವನ ಕೈಬರಹ ಎಂದು ಅವಳ ಹತ್ತಿರ ಇದ್ದದ್ದು ಅದೊಂದೇ. ಅತ್ತೆ ಅಳುತ್ತಾಳೆಂದು ನಾನು ಕಾದೆ. ಕೊನೆಯ ಹಾಳೆ ಬೂದಿಯಾಗುವ ತನಕ ಅವಳು ಬಚ್ಚಲ ಬಾಗಿಲಲ್ಲಿ ನಿಂತೇ ಇದ್ದಳು.

“ನೀರು ಕಾದೈತೆ. ಮೈ ತೊಳ್ಕೋ ಹೋಗಣ್ಣಯ್ಯ,” ಅಂದು ಒಳಕ್ಕೆ ಹೋದಳು.

ಅಲ್ಲಿಂದ ಮುಂದೆ ಮನೆಯಲ್ಲಿ ಯಾರೂ ಯಾರ ಹತ್ತಿರವೂ ನೆಟ್ಟಗೆ ಮಾತಾಡಲಿಲ್ಲ. ಅಪ್ಪನಿಗೆ ಬಡಿಸುವುದು ಅವ್ವ, ಅತ್ತೆಗೆ ಊಟ ಹಿತ್ತಲ ಕೋಣೆಯಲ್ಲಿ. ನಾವು ಆ ಕೋಣೆಗೆ ಕಾಲಿಡಕೂಡದೆಂದು ಅಪ್ಪಣೆಯಾಯಿತು. ಗೇಟಿನವನ ಮಗಳ ಕಥೆ ಬಾಗಿಲು ಹಾಕಿದ್ದಲ್ಲಿಗೇ ನಿಂತುಹೋಯಿತು. ಅವಳು ಹೊರಗೆ ಬಂದಳೋ ಇಲ್ಲವೋ, ರೈಲು ನಿಂತಿತೋ ಹೊಳೆಗೆ ಬಿತ್ತೋ ನನಗೆ ಗೊತ್ತಾಗಲಿಲ್ಲ.

ಎರಡು ತಿಂಗಳಾದ ಮೇಲೆ ತುಮಕೂರಿನಿಂದ ಸ್ಕೂಲು ಇನ್‌ಸ್ಪೆಕ್ಟರು ಬಂದರು. ಜರಿ ಪೇಟ, ಕರಿ ಕೋಟು, ಹಣೆಯಲ್ಲಿ ನಮ್ಮ ಹಾಗೇ ವಿಭೂತಿ. ನಮ್ಮ ಕ್ಲಾಸಿನಲ್ಲಿ ಮೂವತ್ತು ಹುಡುಗರು, ಮೂರು ಹುಡುಗಿಯರು. ಅಪ್ಪ ಹುಡುಗರಿಂದ ವ್ಯಾಕರಣದ ಸೂತ್ರಗಳನ್ನೆಲ್ಲ ಹೇಳಿಸಿದ. ಅವರು ಕೇಳಿಸಿಕೊಂಡು, ಸಾಕು, ಈಗ ಯಾರಾದರೂ ಇಂಗ್ಲಿಷಿನಲ್ಲಿ ನಿಮಗೆ ತೋಚಿದ್ದನ್ನು ಹೇಳಿ, ಏನಾದರೂ ಸರಿ ಅಂದರು. ಯಾರೂ ಏಳಲಿಲ್ಲ. ಅವರು ಬೆಂಚಿನಿಂದ ಬೆಂಚಿಗೆ ಬಂದು ಕೇಳಿದರು. ನನಗೆ ಅಪ್ಪನ ಮಾನ ಉಳಿಸುವ ಆಸೆ ಇರಲಿಲ್ಲ. ಆ ಕಥೆ ಎರಡು ತಿಂಗಳಿಂದ ಒಳಗೇ ಕೊಳೆಯುತ್ತಿತ್ತು, ಯಾರ ಮುಂದಾದರೂ ಹೇಳಿಬಿಡಬೇಕಿತ್ತು, ಅಷ್ಟೆ. ಎದ್ದು ನಿಂತೆ. ಗೇಟು, ಹೊಳೆ, ಸೇತುವೆ, ದುಷ್ಟ, ಬೀಗ. ಅತ್ತೆಯ ಪುಟ್ಟ ಪುಟ್ಟ ಮಾತುಗಳಲ್ಲಿ ಹೇಳುತ್ತಾ ಹೋಗಿ, ಬಾಗಿಲು ಹಾಕಿದ್ದಲ್ಲಿಗೆ ಬಂದು, ಮುಂದಿನದು ಗೊತ್ತಿಲ್ಲದೆ, ಪರದೆಯ ಮೇಲೆ ಹಾಕುತ್ತಿದ್ದ ಹಾಗೆ “ಟು ಬಿ ಕಂಟಿನ್ಯೂಡ್” ಅಂದು ಕೂತೆ. ಇನ್‌ಸ್ಪೆಕ್ಟರು ಗಟ್ಟಿಯಾಗಿ ನಕ್ಕರು. ಈ ಹುಡುಗಿಗೆ ಯಾರು ಕಲಿಸಿದ್ದು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಅಪ್ಪ ಮುಂದಕ್ಕೆ ಬಂದ.

“ಮೈ ಡಾಟರ್, ಸರ್. ಐ ಟೀಚ್ ಹರ್ ಅಟ್ ಹೋಮ್.”

ಅದು ಸುಳ್ಳಲ್ಲ. ನಾನು ಅವನ ಮಗಳು, ಅವನು ಮನೆಯಲ್ಲಿ ನನಗೆ ಪಾಠ ಹೇಳುತ್ತಿದ್ದ. ಸುಳ್ಳಲ್ಲ ಎಂಬುದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಬೆಂಕಿಗೆ ಹಾಕಿದ ನೋಟ್‌ಬುಕ್ಕಿನ ಕೀರ್ತಿಯನ್ನು ಬೂದಿಯಿಂದ ಎತ್ತಿ ಹಣೆಗೆ ಹಚ್ಚಿಕೊಂಡ. ಇನ್‌ಸ್ಪೆಕ್ಟರು ಅವನ ಕೈ ಕುಲುಕಿದರು.

ಅವರೂ ಲಿಂಗವಂತರೇ ಆದ್ದರಿಂದ ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ ಇತ್ತು. ಬಾಳೆಲೆ, ಕೋಸಂಬರಿ, ಹೋಳಿಗೆ. ಬೆಳಗಿನಿಂದ ಅವ್ವ ಕಣಕ ನಾದುತ್ತಿದ್ದಳು, ಅತ್ತೆ ಹೂರಣ ರುಬ್ಬುತ್ತಿದ್ದಳು. ಇನ್‌ಸ್ಪೆಕ್ಟರು ನನ್ನನ್ನೂ ಅಣ್ಣನನ್ನೂ ಪಂಕ್ತಿಗೆ ಕೂರಿಸಿಕೊಂಡರು. ಎರಡನೇ ಹೋಳಿಗೆಗೆ ತುಪ್ಪ ಬೀಳುವಾಗ ಅವರು ಅಪ್ಪನ ಕಡೆ ತಿರುಗಿದರು.

“ಹೆಡ್ಮಾಸ್ಟರೇ, ಬೆಳಿಗ್ಗೆಯಿಂದ ನನಗೆ ಅದೇ ಯೋಚನೆ. ಆ ಹುಡುಗಿ ಕೋಣೆಯಿಂದ ಆಚೆಗೆ ಬರ್ತಾಳೋ ಇಲ್ವೋ? ಕಥೆ ಮುಂದಕ್ಕೆ ಹೇಳಿ. ಇಂಗ್ಲಿಷಲ್ಲೇ ಹೇಳಿ, ಕೇಳೋಣ.”

ಅಪ್ಪ ಹೋಳಿಗೆ ಮುರಿದ, ಬಾಯಿಗಿಡಲಿಲ್ಲ. ನನ್ನ ಕಡೆ ನೋಡಿದ. ಅವನ ಕಣ್ಣಲ್ಲಿ ಬೇಡಿಕೆಯಂಥದ್ದು ಇದ್ದದ್ದನ್ನು ಕಂಡದ್ದು ಅದೇ ಮೊದಲು.

“ಗಿರಿಜಾ, ಹೇಳಮ್ಮ.”

ಅತ್ತೆಗೆ ಗೊತ್ತು ಎಂದು ಹೇಳಬಹುದಿತ್ತು. ಏನಾದರೂ ಕಟ್ಟಿ ಹೇಳಬಹುದಿತ್ತು. ನಾನು ಎಲೆಯಿಂದ ಕೈ ತೆಗೆದು, ಒಂದೊಂದೇ ಪದ ಬಿಡಿಸಿ ಹೇಳಿದೆ.

“ಐ ಡು ನಾಟ್ ನೋ, ಸರ್. ಮೈ ಫಾದರ್ ನೋಸ್.”

ನನಗೆ ಗೊತ್ತಿಲ್ಲ, ನಮ್ಮ ತಂದೆಗೆ ಗೊತ್ತು. ಅಪ್ಪನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿಯಿತು. ಹನ್ನೆರಡು ವರ್ಷದ ನನಗೆ ಆಗ ಆದ ಸಂತೋಷವನ್ನು ನೆನೆದರೆ ಇವತ್ತು ನನಗೇ ಭಯವಾಗುತ್ತದೆ. ಅಷ್ಟರಲ್ಲಿ ಅತ್ತೆ ಹೋಳಿಗೆ ತಟ್ಟೆ ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದಳು. ಸೆರಗು ಸರಿಮಾಡಿಕೊಂಡು ಇನ್‌ಸ್ಪೆಕ್ಟರ ಕಡೆ ನೋಡದೆ, ನನ್ನ ಕಡೆ ನೋಡುತ್ತಾ ಹೇಳಿದಳು. ಶೀ ಬ್ರೋಕ್ ದ ವಿಂಡೋ. ಶೀ ರ್‍ಯಾನ್ ಟು ದ ರಿವರ್. ಶೀ ವೇವ್ಡ್ ಹರ್ ರೆಡ್ ಶಾಲ್. ದ ಟ್ರೇನ್ ಸ್ಟಾಪ್ಡ್. ಕಿಟಕಿ ಒಡೆದಳು, ಓಡಿದಳು, ಕೆಂಪು ಶಾಲು ಬೀಸಿದಳು, ರೈಲು ನಿಂತಿತು. ಆಮೇಲೆ ಇನ್‌ಸ್ಪೆಕ್ಟರ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು.

“ಇವರು ಯಾರು ಹೆಡ್ಮಾಸ್ಟರೇ?”

“ನನ್ನ ತಂಗಿ, ಸ್ವಾಮಿ.”

ಇನ್‌ಸ್ಪೆಕ್ಟರು ಅಪ್ಪನನ್ನು ಮತ್ತೇನೂ ಕೇಳಲಿಲ್ಲ. ಕೈ ತೊಳೆದು ಜಗಲಿಗೆ ಬಂದ ಮೇಲೆ, ಕೊರಟಗೆರೆಯ ಹೆಣ್ಣುಮಕ್ಕಳ ಸ್ಕೂಲಿಗೆ ಇಂಗ್ಲಿಷ್ ಬಲ್ಲ ಹೆಂಗಸು ಎಲ್ಲೂ ಸಿಕ್ಕಿಲ್ಲ, ಈಯಮ್ಮ ಒಪ್ಪಿದರೆ ಆರ್ಡರು ಕಳಿಸುತ್ತೇನೆ ಅಂದರು.

“ಗಂಡ ಸತ್ತವಳು, ಸ್ವಾಮಿ. ನಮ್ಮ ಮನೆ ಹೆಂಗಸರು ಚಾಕರಿಗೆ ಹೋಗೋ ಪದ್ಧತಿ ಇಲ್ಲ.”

“ಬೀಸೋದೂ ಚಾಕರೀನೇ ಅಲ್ವೇನಣ್ಣಯ್ಯ?” ಅಂದಳು ಬಾಗಿಲ ಹಿಂದಿನಿಂದ ಅತ್ತೆ. “ಕಳಿಸ್ರಿ ಸ್ವಾಮಿ. ನಾನು ಬರ್ತೀನಿ.”

ಇನ್‌ಸ್ಪೆಕ್ಟರ ಗಾಡಿ ಬೀದಿ ತಿರುಗಿದ ಕೂಡಲೇ ಅಪ್ಪ ಒಳಕ್ಕೆ ಬಂದು ನನ್ನ ಕೆನ್ನೆಗೆ ಹೊಡೆದ. ಅವನು ಬೆತ್ತವಿಲ್ಲದೆ ಬರಿಗೈಯಲ್ಲಿ ನನ್ನನ್ನು ಹೊಡೆದದ್ದು ಅದೇ ಮೊದಲು. ಎರಡನೆಯದಕ್ಕೆ ಕೈ ಎತ್ತಿದಾಗ ಹಿಡಿದದ್ದು ಅತ್ತೆಯಲ್ಲ, ಅವ್ವ. ನಾನು ಹುಟ್ಟಿದಾಗಿನಿಂದ ಅವನೆದುರು ದನಿ ಎತ್ತದ ಅವ್ವ.

“ಇಷ್ಟು ವರ್ಷ ಇಂಗ್ಲಿಷ್ ಬರಲ್ಲ ಅಂತ ಹೊಡೆದ್ರಿ. ಈಗ ಬಂತಲ್ಲ, ಇನ್ಯಾಕೆ ಹೊಡೀತೀರಿ?”

ತಿಂಗಳೊಳಗೆ ಆರ್ಡರು ಬಂತು. ಅತ್ತೆ ಹೊರಟ ದಿನ ಅಪ್ಪ ಜಗಲಿಯ ಮೇಲೆ ಬೀದಿಗೆ ಬೆನ್ನು ಮಾಡಿ ಕೂತಿದ್ದ. ನಾನೂ ಬರುತ್ತೇನೆ ಎಂದು ಅವಳ ಸೆರಗು ಹಿಡಿದುಕೊಂಡೆ. ಹೊಸ್ತಿಲು ದಾಟಿದರೆ ನಿನಗೂ ಈ ಮನೆಗೂ ಋಣ ಹರಿಯಿತು ಎಂದು ಅಪ್ಪ ಗೋಡೆಗೆ ಹೇಳಿದ. ಅತ್ತೆ ನನ್ನ ಬೆರಳು ಬಿಡಿಸಿದಳು. “ಓದ್ಕಂಡು ಬಾ. ಆಗ ಯಾವನ ಋಣಾನೂ ಬೇಕಾಗಲ್ಲ ಕಣಮ್ಮ,” ಅಂದಳು. ಆ ಊಟದ ದಿನ ನೀನು ಯಾಕೆ ಹೊರಗೆ ಬಂದು ಕಥೆ ಹೇಳಿದೆ, ಅಪ್ಪನನ್ನು ಉಳಿಸುವುದಕ್ಕೋ ಮುಳುಗಿಸುವುದಕ್ಕೋ ಎಂದು ಎಷ್ಟೋ ವರ್ಷದ ಮೇಲೆ ಕೇಳಿದೆ. “ನಿನ್ನ ಮುಖ ನೋಡೋಕಾಗಲಿಲ್ಲ ಕಣೆ. ಥೇಟ್ ಅಣ್ಣಯ್ಯನ ಹಂಗೇ ಕಾಣ್ತಿದ್ದೆ,” ಅಂದಳು. ಆ ಮಾತಿಗೆ ನಾನು ಅವಳನ್ನೂ ಪೂರ್ತಿ ಕ್ಷಮಿಸಿಲ್ಲ.

ಅವಳು ಹೋದ ಮಾರನೇ ದಿನದಿಂದ ನಾನು ಅಪ್ಪನ ಹತ್ತಿರ ಕನ್ನಡ ಮಾತಾಡುವುದನ್ನು ನಿಲ್ಲಿಸಿದೆ. ಊಟ ಆಯಿತೇ ಎಂದು ಕೇಳಿದರೆ “ಐ ಹ್ಯಾವ್ ಈಟನ್.” ಎಲ್ಲಿಗೆ ಹೊರಟೆ ಎಂದರೆ “ಟು ಸ್ಕೂಲ್.” ಒಂದೂ ತಪ್ಪಿಲ್ಲದ ವಾಕ್ಯಗಳು. ಅವನು ಬೈಯುವ ಹಾಗಿರಲಿಲ್ಲ, ಇದನ್ನೇ ತಾನೇ ಅವನು ಕೇಳಿದ್ದು? ಮೊದಮೊದಲು ಸಿಡುಕಿದ, ಆಮೇಲೆ ಕೇಳುವುದನ್ನೇ ಕಮ್ಮಿ ಮಾಡಿದ, ಕಡೆಗೆ ನಾನು ನಡುಮನೆಗೆ ಬಂದರೆ ಎದ್ದು ಜಗಲಿಗೆ ಹೋಗುತ್ತಿದ್ದ. ಅಣ್ಣ ಪರೀಕ್ಷೆ ಪಾಸು ಮಾಡಿದ. ಪಾಸಾದ ವಾರವೇ ಪುಸ್ತಕ ಕಟ್ಟಿಟ್ಟು ಶಿರಾಕ್ಕೆ ಹೋಗಿ ಎಣ್ಣೆ ಗಾಣ ಸೇರಿಕೊಂಡ. ನಾನು ಹದಿನೆಂಟಕ್ಕೆ ಕೊರಟಗೆರೆಗೆ ಹೋಗಿ ಅತ್ತೆಯ ಕೈಕೆಳಗೆ ಟೀಚರಾದೆ. ಊರಿಗೆ ಟೆಂಟು ಸಿನಿಮಾ ಬಂದರೆ ಅತ್ತೆ ಪ್ರಚಾರದ ಗಾಡಿಯವನಿಂದ ಹ್ಯಾಂಡ್‌ಬಿಲ್ಲು ಇಸಿದುಕೊಂಡು ಬಂದು ಅದರಲ್ಲಿನ ಕಥೆಯನ್ನು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದಳು. ಪಾವಗಡದ ಕಡೆಯ ಹುಡುಗಿಯರು ಅದಕ್ಕೆ ತೆಲುಗಿನಲ್ಲಿ ಅರ್ಥ ಹೇಳಿ ಜಗಳಕ್ಕೆ ನಿಲ್ಲುತ್ತಿದ್ದರು. ಅಲ್ಲಿ ಯಾರೂ ಹಸಿದುಕೊಂಡು ಕಲಿಯಲಿಲ್ಲ.

ನಾನು ಅಲ್ಲಿರುವಾಗಲೇ ಒಂದು ದಿನ, ಅಪ್ಪನಿಗೆ ಪಾರ್ಶ್ವವಾಯು ಬಡಿದಿದೆ ಎಂದು ಅವ್ವ ಹೇಳಿಕಳಿಸಿದಳು. ಹೋದೆ. ನಡುಮನೆಯಲ್ಲಿ ಮಲಗಿಸಿದ್ದರು. ಅರ್ಧ ಮುಖ ಜೋತುಬಿದ್ದಿತ್ತು. ಅವ್ವ ಅಡುಗೆಮನೆಗೆ ಹೋದಾಗ ಅವನು ನನ್ನನ್ನು ಬಹಳ ಹೊತ್ತು ನೋಡಿ, ತುಟಿ ಕೂಡಿಸಿಕೊಂಡು, ಕಷ್ಟಪಟ್ಟು ಹೇಳಿದ.

“ಗಿರಿಜಾ. ವಾಟರ್. ಪ್ಲೀಸ್.”

ಮನೆಯೊಳಗೆ ಅವನು ಪರೀಕ್ಷೆ ಮಾಡುವುದಕ್ಕಲ್ಲದೆ, ಬೇಕಾಗಿ ಇಂಗ್ಲಿಷ್ ಆಡಿದ್ದು ಅದೊಂದೇ ಸಲ. ಕನ್ನಡದಲ್ಲಿ ಕೇಳಿದರೆ ನಾನು ಕೊಡುವುದಿಲ್ಲವೇನೋ ಎಂದು ಹಾಗೆ ಕೇಳಿದ. ನನ್ನ ಕ್ಲಾಸಿನ ಮಗುವೊಂದು ಹಾಗೆ ಕೇಳಿದ್ದರೆ ಬೆನ್ನು ತಟ್ಟುತ್ತಿದ್ದೆ. ತಲೆಯ ಕೆಳಗೆ ಕೈ ಕೊಟ್ಟು ಎತ್ತಿ ಗುಟುಕು ಗುಟುಕಾಗಿ ಕುಡಿಸಿದೆ, ಕತ್ತಿಗೆ ಇಳಿದದ್ದನ್ನು ಸೆರಗಿನಿಂದ ಒರೆಸಿದೆ. ಅವನ ಕಣ್ಣು ನನ್ನ ಬಾಯಿಯ ಮೇಲೇ ಇತ್ತು. ಒಂದು ಕನ್ನಡದ ಮಾತಿಗೆ ಕಾಯುತ್ತಿದ್ದ ಎಂದು ಈಗ ಅರ್ಥವಾಗುತ್ತದೆ ಅಂತ ಬರೆದರೆ ಅದು ಸುಳ್ಳಾಗುತ್ತದೆ. ಆಗಲೂ ಅರ್ಥವಾಗಿತ್ತು. ಲೋಟ ತೊಳೆದು ಬೋರಲು ಹಾಕಿ, ಅವ್ವನಿಗೆ ಬರುತ್ತೇನೆ ಎಂದು ಹೇಳಿ, ಮೂರು ಗಂಟೆಯ ಬಸ್ಸಿಗೆ ಕೊರಟಗೆರೆಗೆ ಹೊರಟೆ.